ಶಿಕಾಗೋದಲ್ಲಿ ಗಾಳಿ ತಿರುಗಿದ ಮೇಲೆ

ಮಿಷಿಗನ್ನಿನ ಕ್ಯಾಂಟನ್ ಊರಿನ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದಾಗ ಮೇಘನಾಳ ಅಮ್ಮ ಸಿಕ್ಕಿದರು. ಮಗಳು ಹವಾಮಾನ ಮುನ್ಸೂಚನೆಯ ಕೆಲಸಕ್ಕೆ ಸೇರಿದ್ದಾಳಂತೆ. "ನೀವು ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದೀರ ವನಜಕ್ಕ, ಅವಳಿಗೆ ನಾಲ್ಕು ಮಾತು ಬರೆದುಕೊಡಿ. ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗೂ ಆಗುತ್ತೆ," ಎಂದರು. ಪಕ್ಕದಲ್ಲಿದ್ದ ಮೇಘನಾ ಫೋನಿನಿಂದ ತಲೆಯೆತ್ತಿ, "ದಟ್ ವುಡ್ ಬಿ ಗ್ರೇಟ್, ಆಂಟಿ," ಎಂದಳು.

ಸ್ಮರಣ ಸಂಚಿಕೆಗೆ ಎಂಥ ಬರಹ ಬೇಕು ಎನ್ನುವುದು ನನಗೆ ಗೊತ್ತಿದೆ. ಮೈಸೂರಿನ ಹುಡುಗಿ ಮಿಷಿಗನ್ನಿನ ಹಿಮದಲ್ಲಿ ಕಷ್ಟಪಟ್ಟು ಮೇಲೆ ಬಂದ ಕಥೆ, ಕೊನೆಗೆ ಒಂದು ನಗುವ ಫೋಟೋ. ಅದನ್ನು ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಅದೇ ಒಂದು ಶನಿವಾರ ಬಂದು ಎದುರು ನಿಂತಿತು. ಮೇಘನಾಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳಮ್ಮ ಓದಿ ಹೇಳಬೇಕು. ಅವಳಮ್ಮನೂ ಆ ಶನಿವಾರ ಅಲ್ಲಿದ್ದರು, ನನ್ನ ಪಕ್ಕದ ಕುರ್ಚಿಯಲ್ಲೇ. ಆದ್ದರಿಂದ ಇಬ್ಬರಿಗೂ ಒಟ್ಟಿಗೇ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಒಂದು ಖಾಸಗಿ ಹವಾಮಾನ ಸಂಸ್ಥೆಯಲ್ಲಿ. ಟಿವಿಯಲ್ಲಿ ಕಾಣಿಸಿಕೊಳ್ಳುವ ಕೆಲಸವಲ್ಲ. ಹೊರಗೆ ಸಾವಿರಾರು ಹೊಸ ಕಾರು ನಿಲ್ಲಿಸುವ ಯಾರ್ಡಿನವರು, ಚಾವಣಿ ಹಾಕುವವರು, ಉತ್ತರದ ಪೈನ್ ತೋಪುಗಳ ಒಡೆಯರು, ಇಂಥವರಿಗೆ ನಾಳೆ ಏನಾಗುತ್ತದೆಂದು ಹೇಳುವ ಕೆಲಸ. ಸೇರಿದ ಕಾಲದಲ್ಲಿ ನಕ್ಷೆಗಳ ಮೇಲೆ ನಾವೇ ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಿದ್ದೆವು. ಒಂದೇ ಒತ್ತಡವಿರುವ ಊರುಗಳನ್ನೆಲ್ಲ ಸೇರಿಸಿ ಗೆರೆ, ಬಿಸಿಗಾಳಿಗೆ ಕೆಂಪು, ತಣ್ಣನೆಯ ಗಾಳಿಗೆ ನೀಲಿ. ಸಂಜೆ ಮನೆಗೆ ಬಂದರೆ ನನ್ನ ಬೆರಳುಗಳನ್ನು ನೋಡಿ ನಮ್ಮವರು, "ಶಿಶುವಿಹಾರದಿಂದ ಬಂದ್ಯಾ?" ಎಂದು ಕೇಳುತ್ತಿದ್ದರು.

ನನಗೆ ಕೆಲಸ ಕಲಿಸಿದವನು ಹ್ಯಾಂಕ್. ದಪ್ಪ ಮೀಸೆ, ಸಣ್ಣ ಮಾತು. ಅವನ ಬಳಿ ಎರಡೇ ಪಾಠಗಳಿದ್ದವು. ಮೊದಲನೆಯದು ನನಗೆ ಅವಮಾನವಾಗುವ ಹಾಗೆ ಬಂತು. ಸೇರಿದ ಹೊಸತರಲ್ಲಿ ಚಾವಣಿ ಕೆಲಸದವನೊಬ್ಬ ಫೋನ್ ಮಾಡಿ ಇವತ್ತು ಮಳೆ ಇದೆಯಾ ಎಂದ. ಇಲ್ಲ ಎಂದೆ. ಫೋನ್ ಇಡುವುದರೊಳಗೆ ಹ್ಯಾಂಕ್ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, "ಇವತ್ತು ನೀನು ಮಾಡ್ತಿರೋ ಕೆಲಸ ಏನು?" ಎಂದು ಆ ಚಾವಣಿಯವನನ್ನೇ ಕೇಳಿದ. ಅವನು ದೊಡ್ಡ ತಗಡಿನ ಹಾಳೆಗಳನ್ನು ಮೂರನೇ ಮಹಡಿಗೆ ಏರಿಸುವವನಿದ್ದ. ಮಧ್ಯಾಹ್ನ ಗಾಳಿ ಜೋರಾಗುತ್ತದೆ, ಹತ್ತರೊಳಗೆ ಮುಗಿಸು ಎಂದು ಹ್ಯಾಂಕ್ ಹೇಳಿದ. ಆಮೇಲೆ ನನ್ನ ಕಡೆ ತಿರುಗಿದ. "ಅವರು ಏನು ಕೇಳ್ತಾರೆ ಅನ್ನೋದಲ್ಲ. ಫೋನ್ ಇಟ್ಟಮೇಲೆ ಏನು ಮಾಡ್ತಾರೆ, ಅದಕ್ಕೆ ಉತ್ತರ ಕೊಡು." ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಎರಡನೆಯ ಪಾಠ: ಬೆಳಿಗ್ಗೆ ಕಾಫಿಗಿಂತ ಮೊದಲು ಶಿಕಾಗೋ ನೋಡು. ನಮ್ಮ ಕಡೆ ಹವಾಮಾನ ಪಶ್ಚಿಮದಿಂದ ಬರುತ್ತದೆ. ಕೋಲ್ಡ್ ಫ್ರಂಟ್ ಎಂದರೆ ಬಿಸಿಗಾಳಿಯನ್ನು ತಳ್ಳಿಕೊಂಡು ಬರುವ ತಣ್ಣನೆಯ ಗಾಳಿಯ ಅಂಚು. ಅದು ದಾಟುವಾಗ ಗಾಳಿಯ ದಿಕ್ಕೇ ಬದಲಾಗುತ್ತದೆ. ನೈಋತ್ಯದಿಂದ ಬೀಸುತ್ತಿದ್ದದ್ದು ಹತ್ತು ನಿಮಿಷದಲ್ಲಿ ವಾಯವ್ಯದಿಂದ ಬೀಸತೊಡಗುತ್ತದೆ. ಶಿಕಾಗೋದಲ್ಲಿ ಗಾಳಿ ತಿರುಗಿದರೆ ಸುಮಾರು ಐದು ಗಂಟೆಯ ನಂತರ ನಮ್ಮಲ್ಲಿ ತಿರುಗುತ್ತದೆ. ಕಂಪ್ಯೂಟರ್ ಬಂತು, ಪೆನ್ಸಿಲ್ ಡಬ್ಬಿ ಕಸಕ್ಕೆ ಹೋಯಿತು, ಆರು ಮಾಡೆಲ್‌ಗಳು ಆರು ಬಗೆಯಾಗಿ ಹೇಳುವ ಕಾಲವೂ ಬಂತು. ಶಿಕಾಗೋ ಮಾತ್ರ ನನಗೆ ಎಂದೂ ಸುಳ್ಳು ಹೇಳಲಿಲ್ಲ.

ನನ್ನ ದೊಡ್ಡ ಎಡವಟ್ಟು ಆದದ್ದು ಆಬರ್ನ್ ಹಿಲ್ಸ್ ಹತ್ತಿರದ ಒಂದು ಕಾರು ಯಾರ್ಡಿಗೆ. ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬೀಳುತ್ತದೆ ಎಂದು ಎದೆತಟ್ಟಿ ಹೇಳಿದೆ. ಅವರು ಇಡೀ ದಿನ ಜನ ಹಚ್ಚಿ ಕಾರುಗಳನ್ನು ಸೂರಿನ ಕೆಳಗೆ ಸಾಗಿಸಿದರು. ಸಂಜೆ ಯಾರ್ಡಿನ ಮ್ಯಾನೇಜರ್ ಫೋನ್ ಮಾಡಿ, "ಮೇಡಂ, ಬಿಸಿಲಿಗೆ ನನ್ನ ಬೋಳುತಲೆ ಸುಡ್ತಾ ಇದೆ. ಆಲಿಕಲ್ಲು ಯಾವಾಗ ಕಳಿಸ್ತೀರಿ?" ಎಂದ. ಕಚೇರಿಯಲ್ಲಿ ಒಂದು ವಾರ ನನ್ನ ಮೇಜಿನ ಮೇಲೆ ಯಾರೋ ದಿನಾ ಒಂದು ನಿಂಬೆಹಣ್ಣು ಇಡುತ್ತಿದ್ದರು. ನಗುತ್ತಲೇ ಇದ್ದೆ, ಆದರೆ ಹಣ್ಣುಗಳ ಲೆಕ್ಕ ಇಟ್ಟಿದ್ದೆ. ಅಂದಿನಿಂದ ನಾನು ಮಾತಿನಲ್ಲಿ ಜಿಪುಣಿಯಾದೆ. ಕೇಳಿದ್ದಕ್ಕಷ್ಟೇ ಉತ್ತರ. ಹೇಳಿ ಕೆಟ್ಟವಳಾಗುವುದಕ್ಕಿಂತ ಹೇಳದೆ ಇರುವುದು ಕ್ಷೇಮ ಎಂದುಕೊಂಡೆ. ಹ್ಯಾಂಕ್ ಆಗಲೇ ನಿವೃತ್ತನಾಗಿ ಹೋಗಿದ್ದ.

ಪೈನ್ ತೋಪಿನ ಕೆಲಸದಲ್ಲಿ ಮಾತ್ರ ಜಿಪುಣತನ ನಡೆಯುತ್ತಿರಲಿಲ್ಲ. ಉತ್ತರಕ್ಕೆ ನೂರೈವತ್ತು ಮೈಲಿ ಹೋದರೆ ಮರಳು ನೆಲ, ಒಣಗಿದ ಪೈನ್ ಎಲೆಗಳ ಹಾಸಿಗೆ. ಮಳೆಯಿಲ್ಲದ ಬೇಸಿಗೆಯಲ್ಲಿ ಒಂದು ಮೋಟಾರು ಗರಗಸದ ಕಿಡಿ ಸಾಕು. ಆ ತೋಪಿನ ಮೇಸ್ತ್ರಿ ನನಗೆ ಪ್ರತಿದಿನ ಫೋನ್ ಮಾಡುತ್ತಿದ್ದ. ಅವನು ಒಂದು ದಿನವೂ ಮಳೆ ಬರುತ್ತಾ ಎಂದು ಕೇಳಿದವನಲ್ಲ. "ಗಾಳಿ ಎಷ್ಟು ಹೊತ್ತಿಗೆ ತಿರುಗುತ್ತೆ?" ಎಂದೇ ಕೇಳುವುದು. ಯಾಕೆಂದು ಒಮ್ಮೆ ವಿವರಿಸಿದ. ಕಾಡಿನ ಬೆಂಕಿ ಗಾಳಿ ಹೋದ ಕಡೆಗೆ ಉದ್ದವಾಗಿ ಹೋಗುತ್ತದೆ. ಜನ ಅದರ ಪಕ್ಕದಲ್ಲಿ ನಿಂತು ಆರಿಸುತ್ತಾರೆ, ಪಕ್ಕ ಸುರಕ್ಷಿತ ಎಂದು. ಮಳೆ ತರದ ಒಣ ಫ್ರಂಟ್ ಬಂದು ಗಾಳಿ ತಿರುಗಿದರೆ ಆ ಪಕ್ಕವೇ ಮುಂಬದಿಯಾಗಿ ಅವರ ಮೇಲೆ ಬರುತ್ತದೆ. ಇದನ್ನು ಕೇಳಿಸಿಕೊಂಡ ಮೇಲೆ ಹತ್ತು ವರ್ಷ ಅವನಿಗೆ ಬುಲೆಟಿನ್ ಬರೆದಿದ್ದೇನೆ. ಗೊತ್ತಿರಲಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ.

ಇನ್ನು ನಮ್ಮ ಜನ. ಅವರಿಗೆ ನಾನು ವೆದರ್ ಆಂಟಿ. ರಂಗಸ್ವಾಮಿ ಕೂಟದ ವೇದಿಕೆಯ ಮೇಲೆ ನನ್ನನ್ನು ಪರಿಚಯಿಸುವಾಗಲೆಲ್ಲ "ವರುಣದೇವರ ಪಿ.ಎ." ಎನ್ನುತ್ತಿದ್ದರು. ನಾರ್ತ್‌ವಿಲ್‌ನಲ್ಲಿ ಅವರ ಮನೆ. ನಮಗೂ ಅವರಿಗೂ ಇಪ್ಪತ್ತೈದು ವರ್ಷದ ಒಡನಾಟ. ಗೃಹಪ್ರವೇಶ, ಪಿಕ್ನಿಕ್, ಸೀಮಂತ, ಏನೇ ಇರಲಿ, ಪುರೋಹಿತರಿಗೆ ಫೋನ್ ಮಾಡಿದ ಮೇಲಿನ ಎರಡನೇ ಫೋನ್ ನನಗೆ. ಎಲ್ಲರದೂ ಒಂದೇ ಪ್ರಶ್ನೆ: "ಮಳೆ ಬರುತ್ತಾ?" ಬಯಲಲ್ಲಿ ಮದುವೆ ಮಾಡುವ ನಾಡಿನಿಂದ ಬಂದವರು ನಾವು, ಮಳೆಯೊಂದೇ ನಮ್ಮ ಹೆದರಿಕೆ. ನಾನೂ ಒಂದೇ ಮಾತಿನಲ್ಲಿ ಬರುತ್ತೆ, ಬರಲ್ಲ ಎಂದು ಹೇಳಿ ಫೋನ್ ಇಡುತ್ತಿದ್ದೆ. ಅದು ತಪ್ಪುತ್ತಿದ್ದದ್ದು ಕಡಿಮೆ. ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು.

ಹೋಮಗಳು ಮನೆಯಿಂದ ಹೊರಗೆ ಬಂದದ್ದಕ್ಕೂ ಒಂದು ಕಥೆಯಿದೆ. ಒಂದು ಗೃಹಪ್ರವೇಶದಲ್ಲಿ ಗಣಹೋಮದ ಹೊಗೆಗೆ ಮನೆಯ ಅಲಾರಂಗಳೆಲ್ಲ ಒಟ್ಟಿಗೆ ಕಿರುಚಿಕೊಂಡು, ಪುರೋಹಿತರು ಮಂತ್ರ ನಿಲ್ಲಿಸದೆ ಇನ್ನೂ ಗಟ್ಟಿಯಾಗಿ ಹೇಳತೊಡಗಿ, ಕೊನೆಗೆ ಅಗ್ನಿಶಾಮಕದವರು ಬೂಟು ಹಾಕಿಕೊಂಡೇ ರಂಗೋಲಿ ತುಳಿದು ಒಳಗೆ ಬಂದಿದ್ದರು. ಅಂದಿನಿಂದ ಹೋಮವೆಂದರೆ ಗರಾಜಿನಲ್ಲಿ, ಇಲ್ಲವೇ ಹಿತ್ತಿಲಲ್ಲಿ.

ನಿವೃತ್ತಿಗೆ ಒಂದು ವರ್ಷವಿದ್ದಾಗ ರಂಗಸ್ವಾಮಿಯವರ ಷಷ್ಟ್ಯಬ್ದಿ ಶಾಂತಿ ಬಂತು. ಐದು ವಾರದಿಂದ ಹನಿ ಮಳೆಯಿಲ್ಲ. ಗುರುವಾರ ಅವರು ಫೋನ್ ಮಾಡಿದರು.

"ಮೇಡಂ, ಶನಿವಾರ ಹಿತ್ತಿಲಲ್ಲಿ ಹೋಮ ಇಟ್ಕೊಂಡಿದೀವಿ. ಶಾಮಿಯಾನ ಹಾಕಿಸ್ತಿದೀನಿ. ನಿಮ್ಮ ಬಾಸ್ ಏನಂತಾರೆ? ಮಳೆ ಬರುತ್ತಾ?"

"ಬರಲ್ಲ," ಎಂದೆ.

"ಅಷ್ಟು ಸಾಕು. ನೀವು ಹೇಳಿದ್ಮೇಲೆ ಮುಗೀತು."

ಶನಿವಾರ ಒಣ ಫ್ರಂಟ್ ಬರಲಿದೆ ಎಂದು ಆ ಹೊತ್ತಿಗೇ ನನಗೆ ಗೊತ್ತಿತ್ತು. ಮಧ್ಯಾಹ್ನ ಮೂರಕ್ಕೆ ಬರುತ್ತದೆ, ಮುಹೂರ್ತ ಹತ್ತೂವರೆಗೆ, ಹನ್ನೆರಡಕ್ಕೆ ಹೋಮ ಮುಗಿದಿರುತ್ತದೆ ಎಂದು ಲೆಕ್ಕ ಹಾಕಿ ಸುಮ್ಮನಾದೆ. ಮರುದಿನ ಪೈನ್ ತೋಪಿನವರಿಗೆ ಮಾತ್ರ ಅರ್ಧ ಪುಟ ಬರೆದೆ: ಶನಿವಾರ ಗಾಳಿ ತಿರುಗುತ್ತದೆ, ನಲವತ್ತು ಮೈಲಿ ವೇಗ ದಾಟುತ್ತದೆ, ಗರಗಸ ಕೂಡ ಬೇಡ, ಕಿಡಿಯೇಳುವ ಯಾವ ಕೆಲಸವೂ ಬೇಡ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಅದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಶನಿವಾರ ನನಗೆ ರಜೆ. ಬೆಳಿಗ್ಗೆ ಹಸಿರು ರೇಷ್ಮೆ ಸೀರೆಯ ನೆರಿಗೆ ಸರಿಮಾಡುತ್ತಾ ಶಿಕಾಗೋ ನೋಡಲಿಲ್ಲ. ಹತ್ತಕ್ಕೆ ನಾರ್ತ್‌ವಿಲ್ ತಲುಪಿದೆವು. ಬಿಸಿಲು ಆಗಲೇ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತಿತ್ತು. ಹಿತ್ತಿಲಿನಾಚೆ ಸಬ್‌ಡಿವಿಷನ್ನಿನವರು, ಅಂದರೆ ಆ ಬಡಾವಣೆಯವರು, ಬೆಳೆಯಲು ಬಿಟ್ಟ ಹುಲ್ಲುಗಾವಲು, ಸೊಂಟದೆತ್ತರ, ಒಣಗಿ ಬೆಳ್ಳಗಾಗಿತ್ತು. ಅದರಾಚೆ ವಾಲ್ಟರ್ ಎನ್ನುವ ಮುದುಕನ ಹಳೆಯ ಮನೆ, ಬೇಲಿಗೆ ತಾಗಿ ಮರದ ಒಂದು ಶೆಡ್. ಕಾರು ಕಾರ್ಖಾನೆಯಲ್ಲಿ ಸೀಟು ಹೊಲಿಯುತ್ತಿದ್ದವರು, ನಿವೃತ್ತರಾದ ಮೇಲೆ ಮರದ ಬಾತುಕೋಳಿ ಕೆತ್ತುತ್ತಾರೆ, ಬಣ್ಣ ಹಾಕುತ್ತಿದ್ದ ಹೆಂಡತಿ ತೀರಿಕೊಂಡಿದ್ದಾರೆ ಎಂದು ರಂಗಸ್ವಾಮಿಯವರ ಹೆಂಡತಿ ಸುಮಿತ್ರಾ ಹಿಂದೊಮ್ಮೆ ಹೇಳಿದ್ದರು. ಅವರು ತಮ್ಮ ಜಗಲಿಯಲ್ಲಿ ಕೂತು ನಮ್ಮ ಕಡೆ ಕೈ ಬೀಸಿದರು.

ಪುರೋಹಿತರು ಹತ್ತೂವರೆಯಾದರೂ ಬರಲಿಲ್ಲ. ಕ್ಯಾಂಟನ್ನಿನಲ್ಲಿ ಇನ್ನೊಂದು ಪೂಜೆ ಮುಗಿಸಿಕೊಂಡು ಬರಬೇಕಿತ್ತು. ಹನ್ನೊಂದೂವರೆಗೆ ಬಂದಿಳಿದು, "ಮುಕ್ಕಾಲು ಗಂಟೇಲಿ ಮುಗಿಸಿಬಿಡೋಣ," ಎಂದರು. ಆಗ ನನಗೆ ಯಾಕೋ ಕಸಿವಿಸಿಯಾಗಿ ಪರ್ಸಿನಿಂದ ಫೋನ್ ತೆಗೆದೆ. ಶಿಕಾಗೋದಲ್ಲಿ ಬೆಳಿಗ್ಗೆ ಏಳಕ್ಕೇ ಗಾಳಿ ತಿರುಗಿತ್ತು. ಅವರ ಏಳು ಎಂದರೆ ನಮ್ಮ ಎಂಟು. ಐದು ಸೇರಿಸಿದರೆ ಒಂದು ಗಂಟೆ. ಮೂರಕ್ಕಲ್ಲ, ಒಂದಕ್ಕೇ ಬರುತ್ತಿದೆ.

ಹೋಮಕುಂಡಕ್ಕೆ ಇನ್ನೂ ಬೆಂಕಿ ಬಿದ್ದಿರಲಿಲ್ಲ. ರಂಗಸ್ವಾಮಿ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಪಂಚೆ ಸರಿಮಾಡಿಕೊಳ್ಳುತ್ತಿದ್ದರು. ಹೋಗಿ ಒಂದು ಮಾತು ಹೇಳಬಹುದಿತ್ತು. ಗರಾಜಿಗೆ ಕುಂಡ ಸಾಗಿಸಲು ಹದಿನೈದು ನಿಮಿಷ ಸಾಕಾಗುತ್ತಿತ್ತು. ನಾನು ಹೋಗಲಿಲ್ಲ. ಹನ್ನೆರಡೂಕಾಲಿಗೆ ಮುಗಿಯುತ್ತದಲ್ಲ ಎಂದುಕೊಂಡೆ. ಎಲ್ಲರೆದುರು ವರುಣದೇವರ ಪಿ.ಎ. ಎದ್ದು ತನ್ನ ಲೆಕ್ಕ ಎರಡು ಗಂಟೆ ತಪ್ಪಿದೆ ಎನ್ನುವುದು ಹೇಗೆ ಎಂಬುದೂ ಇತ್ತು. ಮತ್ತೆ ಆ ನಿಂಬೆಹಣ್ಣುಗಳು ಕಣ್ಣಮುಂದೆ ಬಂದವು. 

ಮುಕ್ಕಾಲು ಗಂಟೆಯ ಹೋಮ ಎಂದಾದರೂ ಮುಕ್ಕಾಲು ಗಂಟೆಯಲ್ಲಿ ಮುಗಿದದ್ದುಂಟೇ? ಹನ್ನೆರಡೂವರೆ ದಾಟಿತು. ಅಲ್ಲಿಯವರೆಗೆ ಹೊಗೆ ರಸ್ತೆಯ ಕಡೆ ಹೋಗುತ್ತಿತ್ತು, ಎಲ್ಲರಿಗೂ ಅನುಕೂಲವಾಗಿತ್ತು. ಹನ್ನೆರಡೂ ಮುಕ್ಕಾಲಿಗೆ ಗಾಳಿ ನಿಂತಿತು. ಹೊಗೆ ಕಂಬದಂತೆ ನೆಟ್ಟಗೆ ಮೇಲೇರಿತು. ನಾನು ವಾಯವ್ಯಕ್ಕೆ ನೋಡಿದೆ. ಮನೆಗಳ ಚಾವಣಿಯ ಮೇಲೆ ತೆಳ್ಳನೆಯ ಮೋಡದ ಒಂದು ಗೆರೆ, ಅದರ ಕೆಳಗೆ ಧೂಳಿನ ಕಂದು. ನಾನು ಕುರ್ಚಿಯಿಂದ ಅರ್ಧ ಎದ್ದೆ.

ಮಣೆಯ ಮೇಲಿದ್ದ ಸುಮಿತ್ರಾ ನೋಡಿದರು. "ಅಕ್ಕ, ಪೂರ್ಣಾಹುತಿ ಟೈಮು. ಐದೇ ನಿಮಿಷ, ಕೂತ್ಕೊಳ್ಳಿ."

ಕೂತೆ. ಪೂರ್ಣಾಹುತಿಗೆ ಮೊದಲು ಅಗ್ನಿಯನ್ನು ಆರಿಸಿ ಎನ್ನುವುದು ನಮ್ಮಲ್ಲಿ ಯಾರ ಬಾಯಿಗೂ ಬರುವ ಮಾತಲ್ಲ. ಅದೂ ಅರವತ್ತು ತುಂಬಿದವರ ಆಯುಷ್ಯಕ್ಕಾಗಿ ಮಾಡುವ ಹೋಮದಲ್ಲಿ. ಪುರೋಹಿತರು ತುಪ್ಪ ಸುರಿದರು, ಪಟ್ಟೆ ಸುತ್ತಿದ ಕೊಬ್ಬರಿ ಕುಂಡಕ್ಕೆ ಬಿತ್ತು, ಜ್ವಾಲೆ ಆಳೆತ್ತರ ಎದ್ದಿತು. ಅದೇ ಹೊತ್ತಿಗೆ ಗಾಳಿ ಬಂತು.

ಶಾಮಿಯಾನದ ಒಂದು ಮೂಲೆ ಗೂಟ ಸಮೇತ ಕಿತ್ತುಕೊಂಡಿತು. ಪೇಪರ್ ತಟ್ಟೆಗಳು, ದರ್ಭೆ, ಕೆಂಡ ಎಲ್ಲ ಒಟ್ಟಿಗೆ ಹುಲ್ಲುಗಾವಲಿನ ಕಡೆ ಹಾರಿದವು. ಹುಲ್ಲು ಹತ್ತಿಕೊಂಡ ಸದ್ದು ಒಗ್ಗರಣೆಯಂತೆ ಕೇಳಿಸಿತು, ಆಮೇಲೆ ಯಾವ ಸದ್ದೂ ಬೇರೆಯಾಗಿ ಕೇಳಿಸಲಿಲ್ಲ. ಯಾರೋ ನೀರಿನ ಪೈಪು ಎಂದು ಕೂಗಿದರು. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಎಂದು ಬೆಳಿಗ್ಗೆ ಅದನ್ನು ಬಿಚ್ಚಿ ಬೇಸ್‌ಮೆಂಟಿನಲ್ಲಿ ಇಟ್ಟಿದ್ದರು. ಗಂಡಸರು ಕಲಶದ ನೀರು, ಕುಡಿಯುವ ನೀರಿನ ಬಾಟಲಿ, ಮಜ್ಜಿಗೆ ಪಾತ್ರೆ ಹಿಡಿದು ಓಡಿದರು. ಬೆಂಕಿ ಅವರಿಗಿಂತ ಬೇಗ ಓಡಿತು. ಹುಲ್ಲುಗಾವಲಿನಾಚೆ ವಾಲ್ಟರ್ ಶೆಡ್ಡಿನ ಬಾಗಿಲು ತೆಗೆದು ಒಳಗೆ ಹೋದದ್ದು ನನಗೆ ಕಾಣಿಸಿತು. ಹೊರಗೆ ಬಂದು ಎರಡು ಬಾತುಕೋಳಿ ನೆಲದ ಮೇಲಿಟ್ಟು ಮತ್ತೆ ಒಳಗೆ ಹೋದರು. ಮತ್ತೆರಡು ತಂದರು. ಮೂರನೇ ಸಲ ಹೋದಾಗ ಶೆಡ್ಡಿನ ಗೋಡೆ ಹತ್ತಿಕೊಂಡಿತ್ತು. ಬರಿಗೈಯಲ್ಲಿ ಹೊರಗೆ ಬಂದರು, ಬಲಗೈ ಮುಂದಕ್ಕೆ ಚಾಚಿಕೊಂಡು.

ಅಗ್ನಿಶಾಮಕದವರು ಹತ್ತು ನಿಮಿಷದಲ್ಲಿ ಬಂದರು. ಶೆಡ್ಡು ಮತ್ತು ಅರ್ಧ ಬೇಲಿ ಹೋಗಿತ್ತು, ಮನೆಗಳು ಉಳಿದವು. ವಾಲ್ಟರ್ ಅವರನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಅಧಿಕಾರಿಯೊಬ್ಬ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಬಂದು ರಂಗಸ್ವಾಮಿಯವರನ್ನು ಕೇಳಿದ, ಬೆಂಕಿ ಹಚ್ಚುವ ಮೊದಲು ಹವಾಮಾನ ಏನೆಂದು ಯಾರನ್ನಾದರೂ ವಿಚಾರಿಸಿದ್ದಿರಾ?

ನಾನು ಅಲ್ಲೇ ನಾಲ್ಕಡಿ ದೂರದಲ್ಲಿ ನಿಂತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಪರ್ಸಿನ ಮೇಲೆ ಹೋಯಿತು, ಫೋನಿದ್ದ ಕಡೆ. ರಂಗಸ್ವಾಮಿ ನನ್ನತ್ತ ನೋಡಲೇ ಇಲ್ಲ. "ಇಲ್ಲ, ಯಾರನ್ನೂ ಕೇಳಲಿಲ್ಲ. ತಪ್ಪು ನನ್ನದೇ," ಎಂದರು. ಅಧಿಕಾರಿ ಬರೆದುಕೊಂಡ. ನಾನು ಬಾಯಿ ತೆರೆಯಲಿಲ್ಲ.

ಸಂಜೆ ಹೊರಡುವಾಗ ರಂಗಸ್ವಾಮಿ ಕಾರಿನ ತನಕ ಬಂದರು. ಪಂಚೆಯ ತುಂಬ ಮಸಿ. "ನಿಮ್ಮ ಹೆಸರು ಯಾಕೆ ಎಳೆಯೋದು ಮೇಡಂ. ನಿಮ್ಮ ಕೆಲಸಕ್ಕೆ ತೊಂದರೆ ಆಗುತ್ತೆ. ನಾನು ಕೇಳಿದ್ದು ಮಳೆ, ನೀವು ಹೇಳಿದ್ದೂ ಸರಿಯಾಗೇ ಇತ್ತಲ್ಲ." ನಾನು "ಥ್ಯಾಂಕ್ಸ್" ಎಂದೆ. ಅಂದಿನ ಇಡೀ ದಿನದಲ್ಲಿ ನನಗೆ ಅತಿ ಹೆಚ್ಚು ನಾಚಿಕೆ ತರುವುದು ಆ ಒಂದು ಪದ.

ಸೋಮವಾರ ಕಚೇರಿಗೆ ಹೋದರೆ ಪೈನ್ ತೋಪಿನವರ ಪತ್ರ ಬಂದಿತ್ತು. ವನಜಾ ಅವರ ಬುಲೆಟಿನ್‌ನಿಂದಾಗಿ ಶನಿವಾರ ಕೆಲಸ ನಿಲ್ಲಿಸಿದೆವು, ನಮ್ಮ ಜನ ಕ್ಷೇಮ, ಧನ್ಯವಾದ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಅದಕ್ಕೆ ಕಟ್ಟು ಹಾಕಿಸಿಕೊಟ್ಟರು. ಅದು ಇವತ್ತಿಗೂ ನನ್ನ ಕಪಾಟಿನಲ್ಲಿ ಮುಖ ಕೆಳಗಾಗಿ ಬಿದ್ದಿದೆ.

ಸಬ್‌ಡಿವಿಷನ್ನಿನ ಸಭೆಯಲ್ಲಿ ರಂಗಸ್ವಾಮಿ ಎರಡು ಸಲ ತಲೆತಗ್ಗಿಸಿ ನಿಂತರು. ನೆರೆಯವರು ಕೆಲವರು ಈಗಲೂ ಅವರಿಗೆ ಕೈ ಬೀಸುವುದಿಲ್ಲ. ಮುಂದಿನ ವರ್ಷ ಮೊಮ್ಮಗಳ ನಾಮಕರಣಕ್ಕೆ ಕರೆಯಲು ಅವರು ಫೋನ್ ಮಾಡಿದಾಗ ಮಳೆಯ ಮಾತೇ ಎತ್ತಲಿಲ್ಲ. "ಒಳಗೇ ಇಟ್ಕೊಂಡಿದೀವಿ. ನೀವು ಬನ್ನಿ, ಅಷ್ಟೇ," ಎಂದರು. ಆಮೇಲೆ ಅವರು ನನ್ನನ್ನು ಎಂದೂ ಏನೂ ಕೇಳಿಲ್ಲ.

ನಿವೃತ್ತಳಾದ ಮೇಲೆ ಕಳೆದ ಶರತ್ಕಾಲದಲ್ಲಿ ಒಂದು ದಿನ ಒಬ್ಬಳೇ ಡ್ರೈವ್ ಮಾಡಿಕೊಂಡು ವಾಲ್ಟರ್ ಅವರ ಮನೆಗೆ ಹೋದೆ. ಹೆಸರು ಹೇಳಿದೆ, ರಂಗಸ್ವಾಮಿಯವರ ಸ್ನೇಹಿತೆ ಎಂದೆ. ಒಳಗೆ ಕರೆದು ಕೂರಿಸಿದರು. ಬಲಗೈ ಬೆರಳುಗಳು ಪೂರ್ತಿ ಮಡಚುವುದಿಲ್ಲ. ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು ತಂದರು. ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಬಾತುಕೋಳಿಗಳಿದ್ದವು, ಕುತ್ತಿಗೆಯ ಹಸಿರು ಬಣ್ಣ ಇನ್ನೂ ಹೊಳೆಯುತ್ತಿತ್ತು. ಹೊಸದಾಗಿ ಕೆತ್ತಿದ್ದು ಒಂದೂ ಕಾಣಲಿಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಶುರುಮಾಡುವ ಮೊದಲೇ ಅವರು ಹೇಳಿದರು, "ನೀವು ಹಸಿರು ಬಟ್ಟೆ ಹಾಕಿಕೊಂಡಿದ್ದವರು."

ಹೌದು ಎಂದೆ.

"ನಾನು ಜಗಲಿಯಲ್ಲಿ ಕೂತು ನಿಮ್ಮ ಜನರನ್ನು ನೋಡ್ತಾ ಇದ್ದೆ. ಎಲ್ಲರೂ ಬೆಂಕಿ ನೋಡ್ತಿದ್ದರು. ನೀವೊಬ್ಬರು ಮಾತ್ರ ಮತ್ತೆ ಮತ್ತೆ ಆಕಾಶ ನೋಡ್ತಿದ್ರಿ. ಒಮ್ಮೆ ಎದ್ದು ನಿಲ್ಲೋಕೂ ಹೊರಟ್ರಿ. ನಾನೂ ಆ ಕಡೆ ತಿರುಗಿ ನೋಡಿದೆ, ನನಗೇನೂ ತಿಳೀಲಿಲ್ಲ." ಲೋಟವನ್ನು ಮೇಜಿನ ಮೇಲಿಟ್ಟರು. "ಎರಡು ವರ್ಷದಿಂದ ಕೇಳಬೇಕು ಅಂತಿದ್ದೆ. ಏನು ಕಾಣಿಸಿತ್ತು ನಿಮಗೆ?"

ಮೂವತ್ತೊಂದು ವರ್ಷದಲ್ಲಿ ಎಷ್ಟೋ ಸಾವಿರ ಪ್ರಶ್ನೆಗಳಿಗೆ ಕೇಳಿದಷ್ಟೇ ಉತ್ತರ ಕೊಟ್ಟಿದ್ದೇನೆ. ಅಂದು ಗುರುವಾರದ ಫೋನಿನಿಂದ ಹಿಡಿದು ಶಿಕಾಗೋದವರೆಗೆ, ಶಿಕಾಗೋದಿಂದ ಹಿಡಿದು ಥ್ಯಾಂಕ್ಸ್‌ವರೆಗೆ ಎಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಪರವಾಗಿಲ್ಲ ಎನ್ನಲಿಲ್ಲ. ಬಾಗಿಲ ತನಕ ಬಂದು, "ಇದನ್ನು ಆ ಮನುಷ್ಯನ ಪರವಾಗಿ ಯಾರಿಗಾದರೂ ಹೇಳಿದ್ದೀರಾ?" ಎಂದರು, ಹುಲ್ಲುಗಾವಲಿನಾಚೆಯ ರಂಗಸ್ವಾಮಿಯವರ ಮನೆಯ ಕಡೆ ಆ ಮಡಚದ ಕೈ ತೋರಿಸಿ.

ಇಲ್ಲ ಎಂದೆ. ಈಗ ಹೇಳುತ್ತಿದ್ದೇನೆ. ಬೆಂಕಿ ಹಚ್ಚುವ ಮೊದಲು ರಂಗಸ್ವಾಮಿ ಕೇಳಿದ್ದರು. ನನ್ನನ್ನೇ ಕೇಳಿದ್ದರು.